ಮರಳ ಮೇಲೆ ಮಗ್ಗಿ

1623ರ ನವೆಂಬರಿನಲ್ಲಿ ಪಿಯೆತ್ರೊ ಡೆಲ್ಲಾ ವಾಲೆ ಎಂಬ ರೋಮಿನ ಪ್ರವಾಸಿ ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೊರಟಿದ್ದ. ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಗೋವೆಯ ಪೋರ್ಚುಗೀಸರು ಕಳಿಸಿದ್ದ ರಾಯಭಾರಿಯ ಪರಿವಾರದಲ್ಲಿ ಅವನೂ ಇದ್ದ. ದಾರಿಯಲ್ಲಿ ಒಂದು ಕಡೆ ಹೊರೆಯಾಳುಗಳು ಸಾಮಾನು ಕಟ್ಟುವುದು ತಡವಾಯಿತು. ಹೊತ್ತು ಕಳೆಯಲು ಗುಡಿಯೊಂದರ ಮೊಗಸಾಲೆಗೆ ಹೋದರೆ ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ತುಂಬ ನಯವಾದ ಮರಳು ಹರಡಿತ್ತು. ಒಬ್ಬ ಹುಡುಗ ಪಾಠದ ತುಣುಕೊಂದನ್ನು ರಾಗವಾಗಿ ಹೇಳುತ್ತ, ಹೇಳಿದ್ದನ್ನು ಬೆರಳಿನಿಂದ ಮರಳ ಮೇಲೆ ಬರೆಯುತ್ತಿದ್ದ. ಉಳಿದ ಮೂವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಿದ್ದರು. ನೆಲವೆಲ್ಲ ಅಂಕಿಗಳಿಂದ ತುಂಬಿದಾಗ ಅಳಿಸಿ, ಬೇಕೆನಿಸಿದರೆ ಮುಂದಿದ್ದ ಸಣ್ಣ ಗುಡ್ಡೆಯಿಂದ ಹೊಸ ಮರಳು ಎಳೆದುಕೊಳ್ಳುತ್ತಿದ್ದರು.

ಹತ್ತಿರ ಮೇಷ್ಟರು ಇರಲಿಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ಡೆಲ್ಲಾ ವಾಲೆ ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ತಪ್ಪುವುದುಂಟೇ, ಒಬ್ಬ ಮರೆತರೆ ಇನ್ನೊಬ್ಬ ಹೇಳಿಕೊಡುತ್ತಾನೆ, ಅದಕ್ಕೆಂದೇ ಒಟ್ಟಿಗೆ ಕೂತು ಓದುವುದು ಎಂಬ ಅರ್ಥದ ಉತ್ತರ ಬಂತು. ಅವನಿಗೆ ಅದು ಒಪ್ಪಿತವಾಯಿತು. ಕಾಗದ ಹಾಳು ಮಾಡದೆ, ರಾಗದ ಬಲದಿಂದ ನೆನಪಿನಲ್ಲಿ ನಿಲ್ಲಿಸುವ ಈ ಕ್ರಮ ಚೆಂದದ್ದೂ ಸುಲಭದ್ದೂ ಭದ್ರವಾದದ್ದೂ ಎಂದು ಊರಿಗೆ ಬರೆದ ಪತ್ರದಲ್ಲಿ ಮೆಚ್ಚಿಕೊಂಡ.

ಆ ಪತ್ರ ಇಲ್ಲದಿದ್ದರೆ ಈ ನಾಲ್ವರ ಸುದ್ದಿ ಯಾರಿಗೂ ತಿಳಿಯುತ್ತಿರಲಿಲ್ಲ. ಕಲ್ಲಿನಲ್ಲಿ ಕೊರೆದ ದಾನಶಾಸನ ಉಳಿಯಿತು, ಓಲೆಗರಿಯ ಕಾವ್ಯ ಮಠದ ಪೆಟ್ಟಿಗೆಯಲ್ಲಿ ಉಳಿಯಿತು. ಮಕ್ಕಳು ಬರೆದದ್ದು ಮಾತ್ರ ಆ ಗಳಿಗೆಯಲ್ಲೇ ಹೋಯಿತು. ಅಳಿಸಲೆಂದೇ ಬರೆದ ಬರಹ ಅದು. ಹಾಗಾಗಿ ಕೈಗೆ ಸಿಕ್ಕ ಅಗ್ಗದ ಸಾಮಾನಿನಿಂದ ಕನ್ನಡ ನಾಡಿನಲ್ಲಿ ಪಾಠ ಹೇಗೆ ನಡೆಯಿತು ಎಂದು ಹುಡುಕುವವರು ಹೊರಗಿನಿಂದ ಬಂದವರ ಮಾತನ್ನೇ ನೆಚ್ಚಬೇಕು. ಆ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಬರೆ, ಅಳಿಸು, ಪಕ್ಕದವನಿಗೆ ತೋರಿಸು, ಮತ್ತೆ ಬರೆ ಎಂಬ ಕಲಿಕೆಯ ಕ್ರಮಕ್ಕೆ ಹೊಂದುವ ಸಾಮಾನನ್ನೇ ಇಲ್ಲಿನವರು ಆರಿಸಿಕೊಂಡಿದ್ದರು. ಅದು ಅಗ್ಗವೂ ಆಗಿತ್ತು. ಕ್ರಮವನ್ನು ಮರೆತು ಅಗ್ಗದ ಸಾಮಾನನ್ನಷ್ಟೇ ಶಾಲೆಗೆ ಕಳಿಸಿದ ಕಾಲಗಳೂ ಆಮೇಲೆ ಬಂದವು. ಆಗ ಸಾಮಾನು ಬೀರು ಸೇರಿತು.

ಮರಳು, ಧೂಳು ಬರೀ ಮಕ್ಕಳ ಪಾಲಿನವೂ ಆಗಿರಲಿಲ್ಲ. ದೊಡ್ಡ ಗಣಿತಜ್ಞರ ಲೆಕ್ಕವೂ ಧೂಳು ಹರಡಿದ ಹಲಗೆಯ ಮೇಲೆ ನಡೆಯುತ್ತಿತ್ತು. ಸಂಸ್ಕೃತದ ಗಣಿತಗ್ರಂಥಗಳಲ್ಲಿ ಅಂಕಗಣಿತಕ್ಕೆ ಪಾಟೀಗಣಿತ, ಧೂಳೀಕರ್ಮ ಎಂಬ ಹೆಸರುಗಳಿವೆ. ಧೂಳಿನಲ್ಲಿ ಲೆಕ್ಕ ಮಾಡುವವನು ಒಂದು ಅಂಕಿಯನ್ನು ಬೆರಳಿನಿಂದ ಒರೆಸಿ ಅಲ್ಲೇ ಇನ್ನೊಂದನ್ನು ಬರೆಯಬಲ್ಲ. ಹಳೆಯ ಗುಣಾಕಾರ ಭಾಗಾಕಾರದ ಕ್ರಮಗಳು ಈ ಸೌಕರ್ಯವನ್ನು ನಂಬಿಕೊಂಡಿದ್ದವು. ಭಾರತದ ಅಂಕಿಗಳ ಜೊತೆಗೆ ಧೂಳಿನ ಹಲಗೆಯೂ ಅರಬ್ ನಾಡಿಗೆ ಹೋಯಿತು. 952ರ ಸುಮಾರಿಗೆ ಡಮಾಸ್ಕಸ್‌ನಲ್ಲಿ ಅಲ್-ಉಕ್ಲಿದಿಸಿ ಎಂಬ ಗಣಿತಜ್ಞ ಈ ಲೆಕ್ಕವನ್ನು ಮಸಿ-ಕಾಗದಕ್ಕೆ ತರಲು ಹೊರಟಾಗ, ಅಳಿಸದೆ ಮಾಡುವಂತೆ ಕ್ರಮಗಳನ್ನೇ ಬದಲಿಸಬೇಕಾಯಿತು. ಕೈಯಲ್ಲಿರುವ ಸಾಮಾನು ಲೆಕ್ಕದ ನಡೆಯನ್ನೇ ತಿದ್ದುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಮರಳಿನಿಂದ ಮುಂದಿನ ಮೆಟ್ಟಿಲು ಹಲಗೆ ಮತ್ತು ಕಡತ. ಇಲ್ಲಿ ಹೇಳುವ ಕಡತ ಸರ್ಕಾರಿ ಕಚೇರಿಯಲ್ಲಿ ಧೂಳು ಹಿಡಿಯುವ ಫೈಲಲ್ಲ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಅದನ್ನು ಬಿಡಿಸಿ ವಿವರಿಸಿದ್ದಾನೆ. 8 ಅಂಗುಲದಿಂದ 1 ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ. ಅದರ ಎರಡೂ ಮೈಗೆ ಇದ್ದಿಲಪುಡಿ ಬೆರೆಸಿದ ಸರಿಯನ್ನು ಬಳಿಯುತ್ತಿದ್ದರು. ಒಣಗಿದ ಮೇಲೆ ಕತ್ತರಿಸದೆ ಒಂದೇ ಅಳತೆಯ ಮಡಿಕೆಗಳಾಗಿ ಮಡಚಿ, ಎರಡು ತುದಿಗೂ ಬಣ್ಣ ಹಚ್ಚಿದ ಮರದ ರಟ್ಟು ಕೂಡಿಸುತ್ತಿದ್ದರು. ಬರೆಯುವುದು ಬಳಪದಿಂದ. ತಪ್ಪಿದರೆ ಅಳಿಸಿ ಮತ್ತೆ ಬರೆಯಬಹುದು. ವರ್ತಕರೂ ಅಂಗಡಿಯವರೂ ಲೆಕ್ಕವನ್ನೆಲ್ಲ ಇದರಲ್ಲೇ ಇಡುತ್ತಿದ್ದರು. ಕಡತದಲ್ಲಿ ಬರೆದ ಸಾಲಪತ್ರವನ್ನು ನ್ಯಾಯವಿಚಾರಣೆಯಲ್ಲಿ ಸಾಕ್ಷಿಯಾಗಿ ಒಪ್ಪಿಕೊಂಡದ್ದನ್ನು ತಾನೇ ಕಂಡಿದ್ದೇನೆ ಎಂದು ವಿಲ್ಕ್ಸ್ ಬರೆಯುತ್ತಾನೆ. ಕಪ್ಪು ಬಳಿಯುವ ಪಾಕದಲ್ಲಿ ಹುಣಸೆಬೀಜದ ಸರಿಗೆ ಮುಖ್ಯ ಸ್ಥಾನವಿತ್ತು.

ಬಳಪಕ್ಕೂ ದೂರ ಹೋಗಬೇಕಾಗಿರಲಿಲ್ಲ. ಮೆದುವಾದ ಬಳಪದ ಕಲ್ಲು ಕನ್ನಡ ನಾಡಿನ ಹಲವೆಡೆ ಸಿಗುತ್ತದೆ. ಬೇಲೂರು ಹಳೇಬೀಡಿನ ಶಿಲ್ಪಿಗಳು ಉಳಿ ಹಿಡಿದು ಆಭರಣದಷ್ಟು ಸೂಕ್ಷ್ಮವಾಗಿ ಕೆತ್ತಿದ್ದೂ ಬಳಪದ ಕಲ್ಲನ್ನೇ.

ಈ ಸಾಮಾನುಗಳೆಲ್ಲ ಒಂದೇ ಶಾಲೆಯಲ್ಲಿ ಕೂಡಿ ಕಾಣಿಸುವುದು ಬಳ್ಳಾರಿಯ ವರದಿಯಲ್ಲಿ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ಊರ ಶಾಲೆಗಳ ಲೆಕ್ಕ ಕೊಡುವಂತೆ ಕಲೆಕ್ಟರುಗಳಿಗೆ ಆಜ್ಞೆ ಮಾಡಿದ. ಬಹಳ ಜನ ಪಟ್ಟಿ ತುಂಬಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಹಾಗೆ ಮಾಡಲಿಲ್ಲ. ತೆಲುಗು ವ್ಯಾಕರಣ ಬರೆದಿದ್ದ ಭಾಷಾಸಕ್ತ ಆತ. 1823ರ ಆಗಸ್ಟಿನಲ್ಲಿ ಅವನು ಕಳಿಸಿದ ವರದಿ ತರಗತಿಯ ಒಳಕ್ಕೇ ನಮ್ಮನ್ನು ಕರೆದುಕೊಂಡು ಹೋಗುತ್ತದೆ. ಆಗಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. 9,27,857 ಜನರಿದ್ದ ಅಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆ 235, ತೆಲುಗಿನವು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಮಿಕ್ಕ 23 ಬ್ರಾಹ್ಮಣರ ಶಾಸ್ತ್ರಪಾಠದ ಸ್ಥಳಗಳು.

ಶಾಲೆ ಬೆಳಿಗ್ಗೆ 6ಕ್ಕೆ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಅದು ಮರ್ಯಾದೆ. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಬೆತ್ತದ ಒಂದು ಸಣ್ಣ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏರಿಕೆ. ಐದು ವರ್ಷದ ಮಗು ಗಣಪತಿ ಪೂಜೆಯ ದಿನ ಅಕ್ಕಿಯಲ್ಲಿ ಬೆರಳಾಡಿಸಿ ದೇವರ ಹೆಸರು ಬರೆದರೆ ಅಕ್ಷರಾಭ್ಯಾಸ ಆದಂತೆ. ಮರುದಿನದಿಂದ ನೆಲದ ಮರಳು. ಅಕ್ಷರ ಕೈಗೆ ಕೂತ ಮೇಲೆ ಕಂಟದಿಂದ ಓಲೆಗರಿ, ಲಾಳದ ಲೇಖನಿಯಿಂದ ಕಾಗದ, ಕೆಲವು ಕಡೆ ಈಶ್ವರಿ ಬಳ್ಳಿಯ ಎಲೆ. ಆದರೆ ಹೆಚ್ಚು ಬಳಕೆಯಲ್ಲಿದ್ದದ್ದು ಹಲಗೆ ಮತ್ತು ಕಡತ ಎಂದು ಕ್ಯಾಂಪ್‌ಬೆಲ್ ಹೇಳುತ್ತಾನೆ. ಸುಮಾರು 1 ಅಡಿ ಅಗಲ, 3 ಅಡಿ ಉದ್ದದ ಮರದ ಹಲಗೆಯನ್ನು ನಯ ಮಾಡಿ, ಅನ್ನ ಮತ್ತು ಇದ್ದಿಲಪುಡಿ ಸವರಿದರೆ ಮುಗಿಯಿತು. ಕಡತಕ್ಕೆ ಗಂಜಿ ಹಾಕಿ ಸೆಡೆತ ಬರಿಸಿದ ಬಟ್ಟೆ, ಮೇಲೆ ಇದ್ದಿಲು ಮತ್ತು ಅಂಟು. ಎರಡನ್ನೂ ಒದ್ದೆಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು.

ಅಡುಗೆಮನೆಯ ಗಂಜಿ, ಒಲೆಯ ಇದ್ದಿಲು, ಹೊಳೆಯ ಮರಳು, ಬಡಗಿ ಕೊಟ್ಟ ಹಲಗೆ. ಪಟ್ಟಿಯಲ್ಲಿ ಊರ ಹೊರಗಿನಿಂದ ಕೊಂಡು ತರಬೇಕಾದದ್ದು ಕಾಗದವೊಂದೇ ಇರಬೇಕು. ಬುದ್ಧಿವಂತ ಹುಡುಗರು ಹಿಂದುಳಿದವರಿಗೆ ಹೇಳಿಕೊಡುವ ಪದ್ಧತಿಯನ್ನೂ, ಬರವಣಿಗೆ ಕಲಿಸುವಲ್ಲಿನ ಈ ಮಿತವ್ಯಯವನ್ನೂ ಕ್ಯಾಂಪ್‌ಬೆಲ್ ಮನಸಾರೆ ಹೊಗಳಿದ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದ.

ಅವನ ತಕರಾರುಗಳೂ ಅಷ್ಟೇ ಮೊನಚು. ಹುಡುಗರು ಓದುವ ಪುಸ್ತಕಗಳೆಲ್ಲ ಹಳೆಯ ಪದ್ಯದಲ್ಲಿವೆ, ಆಡುವ ಮಾತಿಗೂ ಅವಕ್ಕೂ ದೂರ. ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಾರೆ ಎಂದು ಬರೆದ. ಶಾಲೆಗಳು ಕಡಿಮೆಯಾಗುತ್ತಿವೆ ಎಂದೂ ಬರೆದ. ಯುರೋಪಿನ ಬಟ್ಟೆ ಬಂದು ಇಲ್ಲಿನ ನೇಯ್ಗೆ ಕುಸಿದಿತ್ತು, ಸೈನ್ಯ ದೂರದ ಗಡಿಗೆ ಹೋಗಿ ಅದನ್ನು ನಂಬಿದ ವ್ಯಾಪಾರ ಹೋಗಿತ್ತು, ಹಣ ನಾಡು ಬಿಟ್ಟು ಹರಿಯುತ್ತಿತ್ತು. ಮಗುವಿಗೆ ಕೂಲಿಯ ಕೆಲಸ ಕಾದಿರುವಾಗ ಹಲಗೆ ಎಷ್ಟು ಅಗ್ಗವಾದರೇನು? 1983ರಲ್ಲಿ ಇತಿಹಾಸಕಾರ ಧರ್ಮಪಾಲರು ತಮ್ಮ ಪುಸ್ತಕದಲ್ಲಿ ಈ ವರದಿಯನ್ನು ಮತ್ತೆ ಅಚ್ಚು ಹಾಕಿದ ಮೇಲೆ ಅದರ ಹೊಗಳಿಕೆಯ ಭಾಗವನ್ನು ಮಾತ್ರ ಎತ್ತಿ ಆಡುವವರು ಹೆಚ್ಚಾದರು. ಅದೇ ವರದಿಯ ಪಟ್ಟಿಯಲ್ಲಿ 6,641 ಮಕ್ಕಳ ಪೈಕಿ ಹೆಣ್ಣುಮಕ್ಕಳು 60. ಮರಳು ಯಾರಿಗೂ ಸಿಗುತ್ತಿತ್ತು, ಮರಳು ಹರಡಿದ ಜಗಲಿ ಎಲ್ಲರಿಗೂ ಸಿಗುತ್ತಿರಲಿಲ್ಲ. ದಲಿತ ಮಕ್ಕಳಿಗಾಗಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಶಾಲೆ ತೆರೆದದ್ದು 1892ರಲ್ಲಿ, ಅದೂ ಊರಿನ ಬಹಿಷ್ಕಾರವನ್ನು ಎದುರಿಸಿ.

ಇಂಗ್ಲೆಂಡಿನ ಅನುಕರಣೆ ಎಂದು ಕ್ಯಾಂಪ್‌ಬೆಲ್ ಸೂಚಿಸಿದ ಕಥೆ ಮದರಾಸಿನ ಎಗ್ಮೋರಿನದು. ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ 1787ರಲ್ಲಿ ಮದರಾಸಿಗೆ ಬಂದ. 1789ರಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮದ ಮೇಲ್ವಿಚಾರಣೆ ಅವನಿಗೆ ಬಂತು. ಒಂದು ಬೆಳಿಗ್ಗೆ ಊರ ಶಾಲೆಯ ಮಕ್ಕಳು ಮುಂದೆ ಮರಳು ಹರಡಿಕೊಂಡು ಬೆರಳಿನಿಂದ ಬರೆಯುವುದನ್ನು ನೋಡಿದ. ತನ್ನ ಆಶ್ರಮದಲ್ಲೂ ಹಾಗೆಯೇ ಕಲಿಸಿ ಎಂದರೆ ಅಲ್ಲಿನ ಉಪಾಧ್ಯಾಯರು ಮೂಗು ಮುರಿದರು. ಬೆಲ್ ಹಟಮಾರಿ. ಅಕ್ಷರಮಾಲೆಯ ತರಗತಿಯನ್ನು 8 ವರ್ಷದ ಜಾನ್ ಫ್ರಿಸ್ಕನ್ ಎಂಬ ಹುಡುಗನ ಕೈಗೆ ಒಪ್ಪಿಸಿದ. ದೊಡ್ಡವರು ಆಗದು ಎಂದದ್ದನ್ನು ಹುಡುಗ ಮಾಡಿ ತೋರಿಸಿದ. ಇಂಗ್ಲೆಂಡಿಗೆ ಮರಳಿದ ಬೆಲ್ 1797ರಲ್ಲಿ ಈ ಪ್ರಯೋಗದ ಬಗ್ಗೆ ಪುಸ್ತಕ ಪ್ರಕಟಿಸಿದ. ಮರಳಿನ ಋಣವನ್ನು ಒಪ್ಪಿಕೊಂಡ. ಮಗುವಿನಿಂದ ಮಗುವಿಗೆ ಕಲಿಸುವ ಕ್ರಮ ಮಾತ್ರ ತನ್ನದೇ ಶೋಧ ಎಂದ. ಇಕ್ಕೇರಿಯ ದಾರಿಯ ನಾಲ್ವರು ಹುಡುಗರ ಸುದ್ದಿ ಅವನಿಗೆ ಗೊತ್ತಿದ್ದಂತೆ ಕಾಣುವುದಿಲ್ಲ.

ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬ ಯುವಕ 1798ರಲ್ಲಿ ಬಡಮಕ್ಕಳ ಶಾಲೆ ತೆರೆದಿದ್ದ. ಸಹಾಯಕರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದೆ ಅವನೂ ಹಿರಿಯ ಹುಡುಗರ ಕೈಯಲ್ಲೇ ಪಾಠ ಹೇಳಿಸುತ್ತಿದ್ದ. ಅವನ ಶಾಲೆಯಲ್ಲಿ ಚಿಕ್ಕವರಿಗೆ ಮರಳು ತುಂಬಿದ ಮೇಜು, ದೊಡ್ಡವರಿಗೆ ಸ್ಲೇಟು. ಪುಸ್ತಕದ ಹಾಳೆಗಳನ್ನು ದೊಡ್ಡಕ್ಷರದಲ್ಲಿ ಅಚ್ಚು ಮಾಡಿಸಿ ಗೋಡೆಗೆ ತೂಗುಹಾಕಿ, ಒಂದೇ ಪುಸ್ತಕದಿಂದ ಇಡೀ ಶಾಲೆಗೆ ಓದಿಸುತ್ತಿದ್ದ. ಬೆಲ್ ಮೊದಲೋ ಲ್ಯಾಂಕಾಸ್ಟರ್ ಮೊದಲೋ ಎಂದು ಅವರ ಬೆಂಬಲಿಗರು ವರ್ಷಗಟ್ಟಲೆ ಕಿತ್ತಾಡಿದರು. ಪದ್ಧತಿಯಂತೂ ಯುರೋಪು ಅಮೆರಿಕಗಳಿಗೆ ಹರಡಿತು. 1814ರಲ್ಲಿ ರಾಬರ್ಟ್ ಮೇ ಎಂಬ ಮಿಷನರಿ ಅದನ್ನು ಬಂಗಾಳದ ಚಿನ್ಸುರಾಕ್ಕೆ ತಂದ. ಇಲ್ಲಿಂದ ಹೋದ ಮರಳು ಇಂಗ್ಲೆಂಡಿನ ಸರಕಾಗಿ ಇಲ್ಲಿಗೇ ಬಂತು. ಬರುವಾಗ ಸ್ವಲ್ಪ ಬದಲಾಗಿತ್ತು ಕೂಡ: ಗುಡಿಯ ಮೊಗಸಾಲೆಯಲ್ಲಿ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತಿದ್ದ ಹುಡುಗರ ಜಾಗದಲ್ಲಿ ಈಗ ಹುಕುಂ ಕೊಡುವ ಮಾನಿಟರ್ ನಿಂತಿದ್ದ, ನೂರಾರು ಮಕ್ಕಳು ಅವನ ಸನ್ನೆಗೆ ಕೈ ಎತ್ತಬೇಕಿತ್ತು.

ಮುಂದಿನ ನೂರು ವರ್ಷ ಸ್ಲೇಟಿನದು. ಹಳೆ ಮೈಸೂರಿನ ಕೂಲಿಮಠಗಳೂ ಉತ್ತರದ ಗಾವಠಿ ಶಾಲೆಗಳೂ ಸರ್ಕಾರಿ ಶಾಲೆಗಳಿಗೆ ಜಾಗ ಬಿಟ್ಟಂತೆ ಹಲಗೆ, ಕಡತಗಳು ಮೂಲೆ ಸೇರಿದವು. ಮರದ ಚೌಕಟ್ಟಿನ ಕಲ್ಲಿನ ಸ್ಲೇಟು ಬಂತು. ಧಾರವಾಡದ ಕಡೆ ಅದು ಪಾಟಿ, ಹೆಗಲಿಗೆ ನೇತುಬೀಳುವುದು ಪಾಟೀಚೀಲ. ಆಂಧ್ರದ ಮಾರ್ಕಾಪುರದ ಕಲ್ಲು ದಕ್ಷಿಣದ ಶಾಲೆಗಳಿಗೆಲ್ಲ ಸ್ಲೇಟು ಒದಗಿಸಿತು. ಉಗುಳು ಹಚ್ಚಿ ಅಂಗೈಯಲ್ಲಿ ಒರೆಸುವುದು, ಸಿಕ್ಕಿಬಿದ್ದರೆ ಏಟು ತಿನ್ನುವುದು, ಬಳಪವನ್ನೇ ಕದ್ದು ತಿನ್ನುವುದು ಕನ್ನಡದ ಮೂರು ತಲೆಮಾರಿನ ಬಾಲ್ಯದಲ್ಲಿ ಸೇರಿಹೋಗಿದೆ.

ಅಗ್ಗದ ವಸ್ತುವಿನ ಬೆಲೆಯನ್ನು ಇನ್ನು ಯಾರೋ ತೆರುತ್ತಿರಬಹುದು. ಸ್ಲೇಟಿನ ಕಡ್ಡಿಗಳು ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತಿದ್ದದ್ದು ಮಧ್ಯಪ್ರದೇಶದ ಮಂದಸೌರ್‌ನಲ್ಲಿ. ಯಂತ್ರದ ಗರಗಸದಿಂದ ಕಲ್ಲನ್ನು ಕಡ್ಡಿಗಳಾಗಿ ಸೀಳುವಾಗ ಏಳುವ ಸಿಲಿಕಾ ಧೂಳನ್ನು ಉಸಿರಾಡಿದ ಕಾರ್ಮಿಕರಿಗೆ ಸಿಲಿಕೋಸಿಸ್ ಬಂತು. ಹರೆಯದಲ್ಲೇ ಶ್ವಾಸಕೋಶ ಕಲ್ಲಾಗಿ ಸತ್ತವರು ಅನೇಕರು. 1980ರ ದಶಕದ ವೈದ್ಯಕೀಯ ಅಧ್ಯಯನಗಳು ಇದನ್ನು ದಾಖಲಿಸಿದವು. ಕೆಲವು ಪೈಸೆಯ ಕಡ್ಡಿ ಹಿಡಿದು ಅಕ್ಷರ ತಿದ್ದುತ್ತಿದ್ದ ಮಗುವಿಗೂ ಅದರ ಮೇಷ್ಟರಿಗೂ ಈ ಸುದ್ದಿ ಮುಟ್ಟುವ ದಾರಿಯೇ ಇರಲಿಲ್ಲ. ಕಡಿಮೆ ವೆಚ್ಚದ ಪಾಠೋಪಕರಣ ಎಂದು ಹೆಮ್ಮೆಯಿಂದ ಹೇಳುವಾಗ ವೆಚ್ಚ ಯಾರ ಲೆಕ್ಕದಲ್ಲಿ ಕಡಿಮೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇತ್ತ ಕ್ಯಾಂಪ್‌ಬೆಲ್ ಬರೆದಿಟ್ಟ ಪಾಕ ಕರಿಹಲಗೆಯ ಮೇಲೆ ಹೆಚ್ಚುಕಡಿಮೆ ಹಾಗೆಯೇ ಮುಂದುವರಿಯಿತು. ಬೋರ್ಡು ಬಿಳಿಚಿಕೊಂಡಾಗ ಮಕ್ಕಳು ಬೇಲಿಯ ತೊಂಡೆಸೊಪ್ಪು ಕಿತ್ತು ತರುತ್ತಿದ್ದರು, ಒಬ್ಬ ಇದ್ದಿಲು, ಇನ್ನೊಬ್ಬ ಮುಗಿದುಹೋದ ಟಾರ್ಚಿನ ಸೆಲ್ಲು. ಸೆಲ್ಲನ್ನು ಒಡೆದು ಮಸಿ ತೆಗೆದು, ಎಲ್ಲವನ್ನೂ ಕಲ್ಲಿನ ಮೇಲೆ ಅರೆದು, ಬಟ್ಟೆಯ ಉಂಡೆಯಿಂದ ಬೋರ್ಡಿಗೆ ಹಚ್ಚಿದರೆ ಸೋಮವಾರದ ಹೊತ್ತಿಗೆ ಹೊಸ ಬೋರ್ಡು ಸಿದ್ಧ. ಹಚ್ಚಿದವರ ಕೈ ಮಾತ್ರ ಬುಧವಾರದವರೆಗೂ ಕಪ್ಪು. ಯಾವ ಇಲಾಖೆಯ ಸುತ್ತೋಲೆಯೂ ಇಲ್ಲದೆ ಊರಿಂದೂರಿಗೆ ಹಬ್ಬಿದ ವಿದ್ಯೆ ಇದು.

ಇಪ್ಪತ್ತನೆಯ ಶತಮಾನದಲ್ಲಿ ಕೈಗೆ ಸಿಕ್ಕ ಸಾಮಾನಿನಿಂದ ಕಲಿಸುವ ವಿಷಯ ಸಿದ್ಧಾಂತದ ಮಟ್ಟಕ್ಕೆ ಏರಿತು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ಕಲಿಸುವ ಮೂಲ ಶಿಕ್ಷಣವನ್ನು ಮುಂದಿಟ್ಟರು. ಝಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮ ರೂಪಿಸಿತು. ತಕಲಿ ಅಲ್ಲಿ ನೂಲುವ ಸಾಧನವೂ ಹೌದು, ಎಣಿಕೆ ತೂಕ ಅಳತೆಗಳ ಪಾಠವೂ ಹೌದು. ಬಹಳ ಶಾಲೆಗಳಲ್ಲಿ ತಕಲಿ ಉಳಿದು ಪಾಠ ಹೋಯಿತು. ಎರಡೇ ವರ್ಷದ ನಂತರ, 1939ರಲ್ಲಿ, ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೋರಿ ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧದ ಕಾರಣದಿಂದ 1946ರವರೆಗೂ ಭಾರತದಲ್ಲೇ ಉಳಿದರು. ಅವರ ಉಪಕರಣಗಳು ನಯವಾದವು, ಕರಾರುವಾಕ್ಕಾದವು, ಹಳ್ಳಿಯ ಶಾಲೆಗೆ ನಿಲುಕದವು. ಮುಟ್ಟಿ ಆಡಿಸಿ ಕಲಿಯುವ ಅವರ ತತ್ವವನ್ನು ಇಟ್ಟುಕೊಂಡು ವಸ್ತುವನ್ನು ಬದಲಿಸಿದವರು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. 1945ರಿಂದ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದ ಗುಡ್ಡದಲ್ಲಿ ವಾರ್ಲಿ ಮಕ್ಕಳ ನಡುವೆ ಬೀಜ, ಬೆಣಚುಕಲ್ಲು, ಚಿಪ್ಪು, ಎಲೆಗಳೇ ಅವರ ಉಪಕರಣಗಳಾದವು. ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ಅಂಗನವಾಡಿ ಅಲ್ಲಿ ಹುಟ್ಟಿದ್ದು. 1975ರ ಅಕ್ಟೋಬರ್ 2ರಂದು ಸರ್ಕಾರ ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ.

ವಿಜ್ಞಾನದ ಪಾಠಕ್ಕೆ ಅಗ್ಗದ ದಾರಿ ತೋರಿದ ಕೈಪಿಡಿ ಮೊದಲು ಹುಟ್ಟಿದ್ದು ಬಡ ದೇಶಗಳಿಗಾಗಿ ಅಲ್ಲವೆಂಬುದು ಸ್ವಾರಸ್ಯದ ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಸಿಕ್ಕು ಪ್ರಯೋಗಾಲಯ ಕಳೆದುಕೊಂಡ ನಾಡುಗಳ ಶಿಕ್ಷಕರಿಗೆಂದು ಜೆ.ಪಿ. ಸ್ಟೀಫನ್‌ಸನ್ ಬರೆದ ಪುಸ್ತಕವನ್ನು ಯುನೆಸ್ಕೊ 1948ರಲ್ಲಿ ಪ್ರಕಟಿಸಿತು. ಅದು ಬೆಳೆದು 1956ರ ಹೊತ್ತಿಗೆ ಡಬ್ಬಿ, ಬಾಟಲಿ, ತಂತಿಗಳಿಂದ ಉಪಕರಣ ಮಾಡುವ ದೊಡ್ಡ ಆಕರಗ್ರಂಥವಾಯಿತು. ಭಾರತದಲ್ಲಿ ಈ ಬಗೆಯ ದೊಡ್ಡ ಪ್ರಯೋಗ 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಶುರುವಾಯಿತು. ಕಾನ್ಪುರದ ಐಐಟಿಯಲ್ಲಿ ಓದಿ ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಅರವಿಂದ ಗುಪ್ತ 1978ರಲ್ಲಿ ರಜೆ ಹಾಕಿ ಅಲ್ಲಿಗೆ ಹೋದರು. ವಾರದ ಸಂತೆಯಲ್ಲಿ ಸಿಗುವ ಸಾಮಾನನ್ನೇ ಹುಡುಕಿದರು. ಸೈಕಲ್ಲಿನ ವಾಲ್‌ಟ್ಯೂಬಿನ ತುಂಡಿಗೆ ಎರಡು ಕಡೆಯಿಂದ ಬೆಂಕಿಕಡ್ಡಿ ತೂರಿಸಿದರೆ ಕೀಲು ಸಿದ್ಧ. ಮೂರು ಕಡ್ಡಿಯ ತ್ರಿಕೋನವನ್ನು ಒತ್ತಿದರೆ ಜಗ್ಗುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಒಂದೇ ಒತ್ತಿಗೆ ವಾಲಿ ಬೇರೆ ಆಕಾರವಾಗುತ್ತದೆ. ಮಾಳಿಗೆಯ ಕಬ್ಬಿಣದ ಕಟ್ಟಿನಲ್ಲೂ ಸೇತುವೆಯಲ್ಲೂ ತ್ರಿಕೋನವೇ ಯಾಕಿರುತ್ತದೆ ಎಂದು ಮಗು ಬೆರಳ ತುದಿಯಲ್ಲಿ ಕಂಡುಕೊಳ್ಳುತ್ತದೆ. ಅವರ ಬೆಂಕಿಕಡ್ಡಿ ಮಾದರಿಗಳ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೋಶಂಗಾಬಾದಿನ ಕಾರ್ಯಕ್ರಮವನ್ನು ಮಾತ್ರ ಅಲ್ಲಿನ ಸರ್ಕಾರ 2002ರಲ್ಲೇ ನಿಲ್ಲಿಸಿಬಿಟ್ಟಿತ್ತು.

1980ರ ದಶಕದಲ್ಲೇ ಕೇಂದ್ರ ಸರ್ಕಾರವೂ ಎಚ್ಚೆತ್ತಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಬಂದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಜೊತೆಗೆ ಕರಿಹಲಗೆ, ನಕಾಶೆ, ಆಟಿಕೆ, ವಿಜ್ಞಾನದ ಪೆಟ್ಟಿಗೆ ಕೊಡುವ ಯೋಜನೆ. ಉದ್ದೇಶ ಒಳ್ಳೆಯದೇ, ಎಷ್ಟೋ ಶಾಲೆಗಳಿಗೆ ಮೊದಲ ಬಾರಿಗೆ ಒಂದು ಗೋಳ ಬಂತು. ಬಂದ ಕೂಡಲೇ ದಾಸ್ತಾನು ಪುಸ್ತಕದಲ್ಲಿ ದಾಖಲಾಯಿತು, ಬೀರುವಿಗೆ ಬೀಗ ಬಿತ್ತು. ಒಡೆದರೆ ಉತ್ತರ ಕೊಡಬೇಕಾದವರು ಮುಖ್ಯೋಪಾಧ್ಯಾಯರು, ಮಕ್ಕಳ ಕೈಗೆ ಕೊಡುವ ಧೈರ್ಯ ಅವರಿಗೆಲ್ಲಿಂದ ಬರಬೇಕು? ಲೆಕ್ಕಪರಿಶೋಧಕರಿಗೆ ತೋರಿಸಲು ಉಳಿಯಬೇಕಾದ ವಸ್ತು ಮಗುವಿನ ಆಟಕ್ಕೆ ಸಿಗಲಾರದು. 2001ರಲ್ಲಿ ಬಂದ ಸರ್ವ ಶಿಕ್ಷಾ ಅಭಿಯಾನ ಬೇರೆ ದಾರಿ ಹಿಡಿದು ಕಲಿಕೋಪಕರಣ ಮಾಡಿಕೊಳ್ಳಲು ಪ್ರತಿ ಶಿಕ್ಷಕರ ಕೈಗೆ ವರ್ಷಕ್ಕೆ 500 ರೂಪಾಯಿ ಕೊಟ್ಟಿತು. ಕೆಲವರು ಆ ದುಡ್ಡಿನಲ್ಲಿ ಬೆರಗಾಗುವಂಥದ್ದನ್ನು ಮಾಡಿದರು. ಇನ್ನು ಕೆಲವರು ಥರ್ಮಾಕೋಲು, ಮಿನುಗು ಕಾಗದ ತಂದು ಮೇಳದ ಮೇಜಿಗೆ ಅಲಂಕಾರ ಮಾಡಿದರು. ರಶೀದಿ ಎರಡಕ್ಕೂ ಇತ್ತು.

ಕರ್ನಾಟಕದಲ್ಲಿ ಸಾಮಾನು ಮತ್ತು ಕ್ರಮ ಮತ್ತೆ ಕೂಡಿದ್ದು ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಒಂದೇ ಕೋಣೆಯಲ್ಲಿ ಹಲವು ತರಗತಿಯ ಮಕ್ಕಳು, ಒಬ್ಬರೋ ಇಬ್ಬರೋ ಶಿಕ್ಷಕರು, ಕಾಡಂಚಿನ ಹಾಡಿಗಳಿಂದ ಬರುವ, ಸುಗ್ಗಿಯಲ್ಲಿ ಬರದೇ ಇರುವ ಮಕ್ಕಳು. ಅಲ್ಲಿನ ಶಿಕ್ಷಕರು ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಪಾಠಪುಸ್ತಕವನ್ನು ಬಿಡಿಸಿ ಸಣ್ಣ ಸಣ್ಣ ಕಾರ್ಡುಗಳನ್ನಾಗಿ ಮಾಡಿದ ಕ್ರಮ ಅದು. ಯುನಿಸೆಫ್ ನೆರವಿನಿಂದ ಇಲ್ಲಿ ಅದು ನಲಿ-ಕಲಿಯಾಯಿತು. ಪ್ರಾಣಿ ಪಕ್ಷಿಗಳ ಚಿತ್ರ ನೋಡಿಯೇ ಮಗು ತನ್ನ ಕಾರ್ಡು ಹುಡುಕುತ್ತದೆ, ಗೋಡೆಯ ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆ ಎಂದು ನೋಡಿಕೊಳ್ಳುತ್ತದೆ, ಆ ಕಲಿಕೆಗೆ ಹೇಳಿದ ಗುಂಪಿನ ತಟ್ಟೆಯ ಸುತ್ತ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ನೆರವು, ಇನ್ನೊಂದಕ್ಕೆ ಅರ್ಧ, ಮತ್ತೊಂದರಲ್ಲಿ ಬಲ್ಲ ಮಗು ಪಕ್ಕದ ಮಗುವಿಗೆ ಹೇಳಿಕೊಡಬೇಕು. ಹದಿನೈದು ದಿನ ಶಾಲೆ ತಪ್ಪಿಸಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು.

ನಲಿ-ಕಲಿಯ ಕೋಣೆಯಲ್ಲಿ ಖರ್ಚಿನ ವಸ್ತು ಕಡಿಮೆ. ಗೋಡೆಯ ಕೆಳಭಾಗಕ್ಕೆ, ನೆಲದಲ್ಲಿ ಕೂತ ಮಗುವಿನ ಕೈಗೆಟಕುವಂತೆ, ಸುತ್ತಲೂ ಕಪ್ಪು ಬಣ್ಣ ಬಳಿದು ಪ್ರತಿ ಮಗುವಿಗೂ ಒಂದೊಂದು ಪಾಲು. ತಲೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರ. ಮಕ್ಕಳು ಬಿಡಿಸಿದ ಚಿತ್ರ, ಮಡಚಿದ ಕಾಗದ ಅದರಿಂದ ಇಳಿಬೀಳುತ್ತದೆ. ಎಣಿಕೆಗೆ ಹುಣಸೆಬೀಜ, ಕಡ್ಡಿಯ ಕಟ್ಟು. ದಿನದ ಬಿಸಿಲು ಮಳೆಯನ್ನು ಮಗುವೇ ಗುರುತು ಹಾಕುವ ಹವಾಮಾನ ನಕ್ಷೆ. 2009-10ರಲ್ಲಿ ಸರ್ಕಾರ ಇದನ್ನು ಇಡೀ ರಾಜ್ಯದ ಕನ್ನಡ ಶಾಲೆಗಳ 1 ಮತ್ತು 2ನೆಯ ತರಗತಿಗೆ ವಿಸ್ತರಿಸಿತು. ಆಗ ಹೆಗ್ಗಡದೇವನಕೋಟೆಯ ಶಿಕ್ಷಕರು ತಮ್ಮ ಊರಿನ ಮಕ್ಕಳನ್ನು ಕಣ್ಣಮುಂದಿಟ್ಟುಕೊಂಡು ರೂಪಿಸಿದ್ದು ಅಚ್ಚಾದ ಕಾರ್ಡಿನ ಕಟ್ಟಾಗಿ ಎಲ್ಲರಿಗೂ ಬಂತು. ಬೀದರಿನ ಶಿಕ್ಷಕಿಗೂ ಸುಳ್ಯದ ಶಿಕ್ಷಕರಿಗೂ ಅದೇ ಕಟ್ಟು. ಕಾರ್ಡು ಕಳೆದರೆ ಏಣಿಯ ಮೆಟ್ಟಿಲೇ ಕಾಣೆಯಾಗುವ ಪಾಡು. ಪುಸ್ತಕವೇ ಇಲ್ಲದ ಇದೆಂಥ ಶಾಲೆ ಎಂಬ ತಂದೆತಾಯಿಯರ ಗೊಣಗಾಟ ಬೇರೆ. ಇಷ್ಟಾದರೂ, ಒಂದು ರಾಜ್ಯ ತನ್ನ ಎಲ್ಲ ಚಿಕ್ಕ ಮಕ್ಕಳನ್ನೂ ನೆಲದ ಮೇಲೆ ದುಂಡಗೆ ಕೂರಿಸಿ ಒಬ್ಬರಿಂದೊಬ್ಬರು ಕಲಿಯುವಂತೆ ಮಾಡಲು ಹೊರಟದ್ದು ಸಣ್ಣ ಸಾಹಸವೇನಲ್ಲ. ಸೋತ ಕಡೆ ಅದು ಸೋತದ್ದು ಕಾರ್ಡನ್ನು ಕೊಟ್ಟು, ಅದನ್ನು ಬದಲಿಸುವ ಅಧಿಕಾರವನ್ನು ಶಿಕ್ಷಕರಿಗೆ ಕೊಡದೆ ಹೋದದ್ದರಿಂದ.

ಈಚೆಗೆ ಕಲಿಕಾ ಹಬ್ಬದಂಥ ಕಾರ್ಯಕ್ರಮಗಳಲ್ಲಿ ಕಾಗದ, ಕತ್ತರಿ, ಬಣ್ಣ ಮತ್ತೆ ಮಕ್ಕಳ ಕೈಗೆ ಬಂದಿವೆ. ಅವು ಹಬ್ಬ ಮುಗಿದ ಮಾರನೆಯ ದಿನವೂ ತರಗತಿಯಲ್ಲಿ ಇರುತ್ತವೆಯೋ ಎನ್ನುವುದೇ ಪ್ರಶ್ನೆ.

ಉಳಿದ ಒಂದು ಕೆಲಸ ಓದುಗರದ್ದು. ಈ ಚರಿತ್ರೆಯ ಮೊದಲ ಭಾಗವನ್ನು ದಾರಿಹೋಕರು ಬರೆದರು. ಕಳೆದ ಐವತ್ತು ವರ್ಷದ್ದನ್ನು ಬರೆಯಲು ನಮ್ಮವರೇ ಇದ್ದಾರೆ. ತಗಡಿನ ಮುಚ್ಚಳದಿಂದ ತಕ್ಕಡಿ ಮಾಡಿದವರು, ರಾಗಿ ಜೋಳ ಅಂಟಿಸಿ ನಕಾಶೆ ಬಿಡಿಸಿದವರು, ತೊಂಡೆಸೊಪ್ಪು ಎಷ್ಟು ಇದ್ದಿಲು ಎಷ್ಟು ಎಂಬ ಅಳತೆ ಬಲ್ಲವರು ಈಗ ನಿವೃತ್ತರಾಗಿ ಮನೆಯಲ್ಲಿದ್ದಾರೆ. ಅವರು ಮಾಡಿದ್ದೆಲ್ಲ ವರ್ಷದ ಕೊನೆಗೆ ಕಸದ ಜೊತೆ ಹೋಗಿದೆ, ದಾಸ್ತಾನು ಪುಸ್ತಕದಲ್ಲೂ ಇಲ್ಲ. ನಿಮ್ಮ ಊರಿನಲ್ಲಿ ಅಂಥ ಮೇಷ್ಟರು, ಟೀಚರು ಇದ್ದರೆ ಒಂದು ಸಂಜೆ ಹೋಗಿ ಕೂತು ಕೇಳಿ, ಅಳತೆ ಸಮೇತ ಬರೆದುಕೊಳ್ಳಿ. ಅಟ್ಟದ ಮೇಲೆ ಅಜ್ಜನ ಕಾಲದ ಹಲಗೆಯೋ ಕಡತವೋ ಸಿಕ್ಕರೆ ಗುಜರಿಗೆ ಹಾಕದೆ ಊರ ಶಾಲೆಗೆ ಕೊಡಿ. ಬೀರುವಿನಲ್ಲಿಡಲು ಮಾತ್ರ ಬಿಡಬೇಡಿ.